ಟೈಟಲ್ಸ್ ಮುಗಿಯೋ ತನಕ ಥಿಯೇಟರಲ್ಲಿ ಕೂರೋರು ಯಾರಾದ್ರೂ ಇದೀರಾ? (ನಮ್ಮಜ್ಜಿ ಮನೇಲಿ ಶೂಟಿಂಗ್ ಆದ ಕಥೆ)

ಮಲ್ನಾಡ್_ಹುಡ್ಗಿ:
ಪೋಸ್ಟ್ ಸ್ವಲ್ಪ ಉದ್ದ ಇದೆ, ಕಾಫಿ ಇಟ್ಕೊಂಡು ಓದಿ.

ತೀರ್ಥಹಳ್ಳಿ ಹತ್ರ ನಮ್ಮಜ್ಜಿದು ಹಳೇ ಮನೆ. ಹೆಂಚು, ಜಗಲಿ, ರೆಡ್ ಆಕ್ಸೈಡ್ ನೆಲ, ಎಲ್ಲ ಇದೆ. ಹೋದ ವರ್ಷ ಜುಲೈನಲ್ಲಿ ಒಂದು ಸಿನಿಮಾದವ್ರು 3 ದಿನಕ್ಕೆ ಬಾಡಿಗೆಗೆ ತಗೊಂಡ್ರು. ಯಾವ ಸಿನಿಮಾ ಅಂತ ಕೇಳ್ಬೇಡಿ, ಬಾಡಿಗೆ ಬ್ಯಾಲೆನ್ಸ್ ಇನ್ನೂ ಬರ್ಬೇಕು. ಸುಮಾರು 90 ಜನ ಬಂದಿದ್ರು. ನಾನು ಹೀರೋಯಿನ್ ನೋಡೋಣ ಅಂತ ಬೆಂಗಳೂರಿಂದ ರಜೆ ಹಾಕಿ ಹೋದೋಳು, ಅವ್ರನ್ನ ನೋಡಿದ್ದು ಒಂದು ಅರ್ಧ ಗಂಟೆ, ಉಳಿದ ಟೈಮೆಲ್ಲ ಬೇರೆಯೋರನ್ನೇ ನೋಡ್ತಾ ಕೂತೆ.

ಆ ವಾರ ಪೂರ್ತಿ ಜಡಿಮಳೆ. ಸೀನ್ ಏನು ಅಂದ್ರೆ ಹೀರೋಯಿನ್ ಮಳೇಲಿ ಅಂಗಳಕ್ಕೆ ಓಡಿ ಬರೋದು. ಇವ್ರು ಮಳೆ ನಿಲ್ಲೋ ತನಕ ಕಾದ್ರು. ನಿಂತ ಮೇಲೆ ಟ್ಯಾಂಕರ್ ತರ್ಸಿ ಪೈಪಲ್ಲಿ ಮಳೆ ಸುರ್ಸಿದ್ರು!! ಅಜ್ಜಿ ಜಗಲೀಲಿ ಕೂತು "ಇವ್ರಿಗೆ ಎಂತ ಆಗಿದೆ ಮಾರಾಯ್ತಿ, ಪುಕ್ಕಟೆ ಬಿದ್ದಿದ್ದು ಆಗ್ಲಿಲ್ವಾ" ಅಂತ.

ಆಮೇಲೆ ನೆಲದ ಮೇಲೆ ಬಣ್ಣ ಬಣ್ಣದ ಟೇಪ್ ಇಂಗ್ಲಿಷ್ ಟಿ ಅಕ್ಷರದ ಥರ ಅಂಟಿಸಿದ್ರು, ಯಾಕೆ ಅಂತ ಕೇಳೋಕೆ ಸಂಕೋಚ ಆಯ್ತು. ಒಂದು ಸಲ ಶಾಟ್ ಮುಗಿದ ಮೇಲೆ ಒಬ್ರು ಕೂಗಿದ್ರು, ಅಷ್ಟೂ ಜನ ನಿಂತಲ್ಲೇ ಕಲ್ಲಾಗಿಬಿಟ್ರು, ಅರ್ಧ ನಿಮಿಷ ಯಾರೂ ಉಸಿರಾಡ್ಲಿಲ್ಲ. ಅಜ್ಜಿ ಯಾರೋ ತೀರ್ಕೊಂಡ್ರು ಅನ್ಕೊಂಡ್ರು.

ಸಿನಿಮಾ ಬಂತು. ನಮ್ಮನೆ ಬಂದಿದ್ದು 40 ಸೆಕೆಂಡ್. ಸರಿ, ಟೈಟಲ್ಸಲ್ಲಿ ಅಜ್ಜಿ ಹೆಸ್ರು ಹಾಕ್ತೀವಿ ಅಂದಿದ್ರಲ್ಲ ಅಂತ ಕಾಯ್ತಾ ಕೂತೆ. ಹೀರೋ ಹೆಸ್ರು ಹೋಗಿ ಮೇಕಪ್ ತನಕ ಬಂದಿರ್ಬೇಕು, ಲೈಟ್ ಹಾಕಿ ಬಾಗ್ಲು ತೆಗೆದು ಸ್ಕ್ರೀನೇ ಆಫ್ ಮಾಡಿಬಿಟ್ರು. ಕೇಳಿದ್ರೆ "ಮೇಡಂ ಮುಂದಿನ ಶೋಗೆ ಕ್ಲೀನ್ ಮಾಡ್ಬೇಕು". ದುಡ್ಡು ಕೊಟ್ಟಿದ್ದು ಪೂರ್ತಿ ಸಿನಿಮಾಗೆ ತಾನೆ?

ಪ್ರಶ್ನೆ ಇಷ್ಟೇ: ಪರದೆ ಹಿಂದಿನ ಯಾವ ಕೆಲ್ಸ ಗೊತ್ತಾದ ಮೇಲೆ ನೀವು ಸಿನಿಮಾ ನೋಡೋ ರೀತಿನೇ ಬದ್ಲಾಯ್ತು? ಮತ್ತೆ ಆ ಟೇಪ್ ಯಾಕೆ ಅಂತ ಯಾರಾದ್ರೂ ಹೇಳ್ರಪ್ಪ.

ಗಾಂಧಿನಗರ_ಗೂಬೆ:
ಬ್ಯಾಲೆನ್ಸ್ ಬರ್ಬೇಕು ಅಂದ್ರಲ್ಲ, ಅಲ್ಲೇ ಗೊತ್ತಾಯ್ತು ಅಪ್ಪಟ ನಮ್ಮ ಇಂಡಸ್ಟ್ರಿ ಅಂತ 😂

ಫೋಕಸ್_ಔಟ್:
ಟೇಪ್ ನಮ್ಮ ಡಿಪಾರ್ಟ್‌ಮೆಂಟ್ ಬಾಕಿ ಮೇಡಂ. ಅದು ಮಾರ್ಕು. ಆರ್ಟಿಸ್ಟ್ ನಡ್ಕೊಂಡು ಬಂದು ಎಲ್ಲಿ ನಿಲ್ಬೇಕು ಅನ್ನೋದಕ್ಕೆ. ಒಬ್ಬೊಬ್ರಿಗೆ ಒಂದೊಂದು ಬಣ್ಣ, ಟಿ ಕಾಲಿನ ಆ ಕಡೆ ಈ ಕಡೆ ಪಾದ ಇಡ್ಬೇಕು. ಕ್ಯಾಮೆರಾ ಪಕ್ಕ ಒಬ್ಬ ಲೆನ್ಸ್ ಕಡೆ ಕೈ ಇಟ್ಕೊಂಡು ಸುಮ್ನೆ ನಿಂತಿರ್ತಾನೆ ನೋಡಿ, ಫೋಕಸ್ ಪುಲ್ಲರ್, ಆರ್ಟಿಸ್ಟ್ ಮಸುಕಾಗ್ದಂಗೆ ಲೆನ್ಸ್ ತಿರುಗ್ಸೋನು, ಅವ್ನ ಬದುಕು ಆ ಟೇಪ್ ಮೇಲೆ ನಿಂತಿರತ್ತೆ. ಈಗ ಎಲ್ರಿಗೂ ಹಿಂದೆ ಬ್ಲರ್ ಆಗಿರೋ ಶಾಟೇ ಬೇಕು, ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರೋ ಕಿಂಡಿ) ಪೂರ್ತಿ ತೆರೆದಿರ್ತಾರೆ, ಕ್ಲೋಸಪ್ಪಲ್ಲಿ ಕಣ್ಣು ಫೋಕಸ್ಸಲ್ಲಿದ್ರೆ ಕಿವಿ ಔಟು. ಹೀರೋ ಎಮೋಷನ್ ಜಾಸ್ತಿಯಾಗಿ ಅರ್ಧ ಅಡಿ ಮುಂದೆ ಬಂದು ನಿಂತ್ರೆ ಶಾಟ್ ಹೋಯ್ತು. ಆಗ ಬೈಸ್ಕೊಳ್ಳೋದು ಹೀರೋ ಅಲ್ಲ.

ನಾನು 6 ವರ್ಷ ಈ ಕೆಲ್ಸ ಮಾಡಿದೀನಿ. ನನ್ನ ಕೆಲ್ಸ ಚೆನ್ನಾಗಿದೆ ಅಂತ ಒಬ್ರೂ ಹೇಳಿಲ್ಲ. ಚೆನ್ನಾಗಿಲ್ಲ ಅಂತ ಮಾತ್ರ ಇಡೀ ಸೆಟ್ ಕೇಳೋ ಹಾಗೆ ಹೇಳಿದಾರೆ.

ಮಲ್ನಾಡ್_ಹುಡ್ಗಿ:
@ಫೋಕಸ್_ಔಟ್ ಅಯ್ಯೋ! ಆ ಟೇಪ್ ನಮ್ಮಜ್ಜಿ ಮನೇಲಿ ಇನ್ನೂ ಹಂಗೇ ಇದೆ ಸರ್, ಒಂದು ಹಸಿರು ಒಂದು ಕೆಂಪು. ಅಡುಗೆಮನೆ ಬಾಗ್ಲಲ್ಲಿ.

ಬೂಮ್_ಹಿಡಿಯೋನು:
ಕಲ್ಲಾಗಿ ನಿಂತಿದ್ದು ರೂಮ್ ಟೋನ್‌ಗೆ. ಖಾಲಿ ಮನೆಗೂ ಒಂದು ಸದ್ದಿರತ್ತೆ ಮೇಡಂ, ನಿಮ್ಮಜ್ಜಿ ಮನೆದು ಒಂಥರಾ, ಜಯನಗರದ ಫ್ಲಾಟ್‌ದು ಇನ್ನೊಂಥರಾ. ಆ ನಿಶ್ಶಬ್ದನ ಅರ್ಧ ನಿಮಿಷ ಒಂದು ನಿಮಿಷ ರೆಕಾರ್ಡ್ ಮಾಡ್ಕೋತೀವಿ. ಎಡಿಟಲ್ಲಿ ಮಾತಿನ ಮಧ್ಯ ಕತ್ತರಿಸಿದ ಜಾಗಕ್ಕೆ ಅದನ್ನ ತುಂಬದಿದ್ರೆ ಕಿವಿಗೆ ಗುಂಡಿ ಬಿದ್ದಂಗೆ ಕೇಳ್ಸತ್ತೆ. ಅಂದ್ರೆ ನಿಮ್ಮನೇಲಿ ಮಾಡಿದ್ದು ಸಿಂಕ್ ಸೌಂಡ್ ಸಿನಿಮಾ, ಶೂಟಿಂಗಲ್ಲಿ ಆಡಿದ ಮಾತನ್ನೇ ಸಿನಿಮಾದಲ್ಲೂ ಇಟ್ಕೊಳ್ಳೋದು. ಡಬ್ಬಿಂಗ್ ಸಿನಿಮಾದವ್ರು ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳಲ್ಲ, ಅವ್ರಿಗೆ ಪೈಲಟ್ ಟ್ರ್ಯಾಕ್ ಸಿಕ್ರೆ ಸಾಕು.

ಜುಲೈನಲ್ಲಿ ಮಲೆನಾಡಲ್ಲಿ ಸಿಂಕ್ ಸೌಂಡ್ ಮಾಡಿದ ಪುಣ್ಯಾತ್ಮ ಯಾರೋ, ಅವ್ನ ಕಾಲಿಗೆ ಬೀಳ್ಬೇಕು. ಹೆಂಚಿಂದ ತೊಟ್ಟಿಕ್ಕೋ ನೀರು, ಕಪ್ಪೆ, ಜೀರುಂಡೆ. ಜೀರುಂಡೆಗೆ "ಸೈಲೆನ್ಸ್" ಅಂತ ಯಾರು ಹೇಳ್ತಾರೆ.

ಹುಬ್ಬಳ್ಳಿ_ಹುಡ್ಗ:
ಪೈಲಟ್ ಟ್ರ್ಯಾಕ್ ಅಂದ್ರ ಏನ್ರಿ ಸರ? ಇಮಾನದ್ದು ಏನರೆ?

ಬೂಮ್_ಹಿಡಿಯೋನು:
@ಹುಬ್ಬಳ್ಳಿ_ಹುಡ್ಗ 😀 ಶೂಟಿಂಗಲ್ಲಿ ಗುರುತಿಗೆ ಅಂತ ರೆಕಾರ್ಡ್ ಮಾಡೋ ಆಡಿಯೋ. ಜನರೇಟರ್ ಸದ್ದು, ನಾಯಿ, ಡೈರೆಕ್ಟರ್ ಬೈಗುಳ ಎಲ್ಲ ಅದ್ರಲ್ಲೇ ಇರತ್ತೆ. ಆಮೇಲೆ ಡಬ್ಬಿಂಗ್ ಸ್ಟುಡಿಯೋದಲ್ಲಿ ಆರ್ಟಿಸ್ಟ್ ಅದನ್ನ ಹೆಡ್‌ಫೋನಲ್ಲಿ ಕೇಳ್ಕೊಂಡು, ಸ್ಕ್ರೀನಲ್ಲಿ ತನ್ನ ತುಟಿ ನೋಡ್ಕೊಂಡು ಮತ್ತೆ ಅದೇ ಮಾತು ಹೇಳೋದು. ಅತ್ತಿದ್ದು ಆರು ತಿಂಗಳ ಹಿಂದೆ, ಈಗ ಏಸಿ ರೂಮಲ್ಲಿ ಮತ್ತೆ ಅಳ್ಬೇಕು. ಇದೂ ಸುಲಭ ಅಲ್ಲ.

ಬೆಂಗಳೂರ್_ಬಾಸು:
ಕ್ಷಮಿಸಿ, ಒಂದು ಕಹಿ ಮಾತು. ಎಲ್ರೂ ಕೆಲ್ಸ ಮಾಡ್ತಾರೆ, ಸಂಬಳ ತಗೋತಾರೆ. ನಾನು ಬ್ಯಾಂಕ್ ಸಾಫ್ಟ್‌ವೇರ್ ಬರೀತೀನಿ, ನೀವು ದುಡ್ಡು ಕಳ್ಸಿದಾಗ ಕೆಳಗೆ ನನ್ನ ಹೆಸ್ರು ಓಡತ್ತಾ? ಮೆಟ್ರೋ ಪಿಲ್ಲರ್ ಕಟ್ಟಿದೋರ ಹೆಸ್ರು ಪಿಲ್ಲರ್ ಮೇಲಿದ್ಯಾ? ಸಿನಿಮಾದವ್ರಿಗೆ ಮಾತ್ರ ಯಾಕೆ ಎದ್ದು ನಿಂತು ಚಪ್ಪಾಳೆ.

ದಾವಣಗೆರೆ_ಬೆಣ್ಣೆ:
ಎದ್ದು ನಿಲ್ಲೋದು ಬೇಡ ಗುರು, ಕೂತ್ಕೊಳ್ಳಿ ಅಂತಿರೋದು.

ಲೈಟ್‌ಮ್ಯಾನ್_ಮಗ:
@ಬೆಂಗಳೂರ್_ಬಾಸು ಸರ್, ಹೆಸ್ರು ಓಡತ್ತೆ ಅಂತ ಯಾರು ಹೇಳಿದ್ದು? ನಮ್ಮಪ್ಪ 30 ವರ್ಷ ಲೈಟ್‌ಮ್ಯಾನ್. ಟೈಟಲ್ಸಲ್ಲಿ ಬರೋದು ಲೈಟ್ ಬಾಡಿಗೆಗೆ ಕೊಟ್ಟ ಯೂನಿಟ್ ಹೆಸ್ರು. ಅಪ್ಪನ ಹೆಸ್ರು ನಾವು ಸ್ಕ್ರೀನ್ ಮೇಲೆ ನೋಡಿದ್ದು 2 ಸಲ, ಅದ್ರಲ್ಲಿ ಒಂದ್ಸಲ ತಪ್ಪಾಗಿತ್ತು.

ಮೊದ್ಲೆಲ್ಲ ಸ್ಟುಡಿಯೋ ಫ್ಲೋರಲ್ಲಿ ಮೇಲೆ ಕಟ್ಟಿರೋ ಹಲಗೆ ಮೇಲೆ ಹತ್ತಿ ಕೂರ್ಬೇಕಿತ್ತು. ಆಗಿನ ಲೈಟುಗಳು ಸುಡೋ ಒಲೆ ಥರ. ಕೆಳಗೆ ಹೀರೋಯಿನ್‌ಗೆ ಟಚಪ್ ಮಾಡೋಕೆ ಫ್ಯಾನ್ ಇಟ್ಟಿರ್ತಾರೆ, ಮೇಲೆ ಇವ್ರು ಬನಿಯನ್ ಹಿಂಡ್ಕೊಂಡು ಕೂತಿರ್ತಾರೆ. ಬೆಳಗ್ಗೆ ಎಲ್ರಿಗಿಂತ ಮುಂಚೆ ಹೋಗ್ಬೇಕು, ಪ್ಯಾಕಪ್ ಆದ್ಮೇಲೆ ಕೇಬಲ್ ಸುತ್ತಿ ಕೊನೆಗೆ ಬರ್ಬೇಕು. ಅಪ್ಪನ ಬಲಗೈ ಎರಡು ಬೆರಳಲ್ಲಿ ಈಗ್ಲೂ ಬಿಸಿ ತಣ್ಣಗೆ ಗೊತ್ತಾಗಲ್ಲ.

ಆದ್ರೆ ಮನೇಲಿ ಟಿವಿಲಿ ಹಳೇ ಸಿನಿಮಾ ಬಂದ್ರೆ ಅವ್ರು ಹೀರೋನ ನೋಡೋದೇ ಇಲ್ಲ. "ಆ ಕಿಟಕಿ ನಂದು" ಅಂತಾರೆ. ಕಿಟಕಿಯಿಂದ ಬೀಳ್ತಿರೋ ಬಿಸಿಲು ಅವ್ರು ಹಾಕಿದ್ದು ಅಂತ ಅರ್ಥ. ಚಿಕ್ಕವ್ನಿದ್ದಾಗ ನಾನು ನಮ್ಮಪ್ಪಂಗೆ ಊರ ತುಂಬ ಕಿಟಕಿ ಇದೆ ಅನ್ಕೊಂಡಿದ್ದೆ.

ಮಲ್ನಾಡ್_ಹುಡ್ಗಿ:
@ಲೈಟ್‌ಮ್ಯಾನ್_ಮಗ ಇದನ್ನ ಓದಿ ಆಫೀಸಲ್ಲಿ ಒಂದು ನಿಮಿಷ ಸುಮ್ನೆ ಕೂತಿದ್ದೆ. ಅಪ್ಪಂಗೆ ನಮಸ್ಕಾರ ಹೇಳಿ.

ಬೆಂಗಳೂರ್_ಬಾಸು:
ಸರಿ, ಅದು ಒಪ್ಕೋತೀನಿ. ಆದ್ರೂ ನನ್ನ ಪಾಯಿಂಟ್ ನಿಂತಿದೆ, ಬೇಕಿರೋದು ಚಪ್ಪಾಳೆ ಅಲ್ಲ, ಕರೆಕ್ಟಾಗಿ ಸಂಬಳ.

ಗಾಂಧಿನಗರ_ಗೂಬೆ:
ಬಾಟಾ (ದಿನದ ಭತ್ಯೆ) ಅದೇ ದಿನ ಸಂಜೆ ಕೈಗೆ ಬಂದ್ರೆ ಹೆಸ್ರು ತಪ್ಪಾಗಿ ಬಂದ್ರೂ ಪರವಾಗಿಲ್ಲ ಅನ್ನೋರೇ ಜಾಸ್ತಿ. ಇಬ್ರೂ ಕರೆಕ್ಟು, ಜಗಳ ಬೇಡ.

ಪಾಂಡುಪುರ_ಪಾರ್ಥ:
ಕಿಟಕಿ ಬಿಸಿಲು ಅಂದಾಗ ನೆನಪಾಯ್ತು, ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ! ಗುರುದತ್ ಸಿನಿಮಾಗಳ ಕ್ಯಾಮೆರಾಮನ್. ಪ್ಯಾಸಾದಲ್ಲಿ ಮೇಲಿಂದ ಒಂದು ಬೆಳಕಿನ ಕಂಬ ಬೀಳತ್ತಲ್ಲ, ಲೈಟಲ್ಲ ಅದು, ಹೊರಗಿನ ಬಿಸಿಲನ್ನ ಕನ್ನಡಿ ಇಟ್ಟು ಸ್ಟುಡಿಯೋ ಒಳಗೆ ತಂದಿದ್ದು.

ಹಳೇ_ರೀಲು:
@ಪಾಂಡುಪುರ_ಪಾರ್ಥ ತಿದ್ದುಪಡಿ: ಅದು ಪ್ಯಾಸಾ ಅಲ್ಲ, 1959ರ ಕಾಗಜ್ ಕೆ ಫೂಲ್. ಪ್ಯಾಸಾ 1957. ಎರಡಕ್ಕೂ ಮೂರ್ತಿಯವರೇ ಕ್ಯಾಮೆರಾ, ಅದಕ್ಕೇ ಎಲ್ರೂ ಕನ್‌ಫ್ಯೂಸ್ ಆಗ್ತಾರೆ. ಎರಡು ದೊಡ್ಡ ಕನ್ನಡಿ. ಒಂದು ಹೊರಗೆ ಬಿಸಿಲು ಹಿಡಿಯೋಕೆ, ಇನ್ನೊಂದು ಒಳಗೆ ಮೇಲಿಂದ ಅದನ್ನ ಕೆಳಕ್ಕೆ ತಿರುಗ್ಸೋಕೆ. ಸ್ಟುಡಿಯೋ ಲೈಟುಗಳಲ್ಲಿ ಆ ಥರ ಹರಡದೆ ನೆಟ್ಟಗೆ ಬೀಳೋ ಕೋಲು ಬರ್ತಿರ್ಲಿಲ್ಲ. ಸೂರ್ಯ ಅಂತೂ ಒಂದ್ಕಡೆ ನಿಲ್ಲಲ್ಲ, ಅವ್ನು ಸರಿದ ಹಾಗೆ ಕನ್ನಡೀನೂ ಸರೀತಾ ಇರ್ಬೇಕು. ಆ ಕನ್ನಡಿ ಹಿಡಿದು ನಿಂತವ್ರ ಹೆಸ್ರು ಯಾರಿಗೆ ಗೊತ್ತು ಹೇಳಿ. ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆ) ಸಿನಿಮಾ ಬೇರೆ ಅದು, ಆಗ ಓಡ್ಲಿಲ್ಲ ಪಾಪ.

ಮೂರ್ತಿಯವರು ಸಿನಿಮಾಟೋಗ್ರಫಿ ಕಲಿತಿದ್ದು ಬೆಂಗಳೂರಿನ ಎಸ್‌ಜೆಪಿಲಿ, ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ದಿನಾ ಕೆ.ಆರ್. ಸರ್ಕಲ್ಲಲ್ಲಿ ಸಿಗ್ನಲ್‌ಗೆ ಕಾಯೋವಾಗ ನೋಡ್ತೀವಲ್ಲ ಅದೇ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವ್ರಿಗೆ ಬಂತು, ಕ್ಯಾಮೆರಾಮನ್ ಅಂತ್ಲೇ ಒಬ್ರಿಗೆ ಅದು ಸಿಕ್ಕಿದ್ದು ಅದೇ ಮೊದ್ಲು. ಕನ್ನಡದಲ್ಲಿ 1993ರ ಹೂವು ಹಣ್ಣು ಅವ್ರದ್ದೇ ಕ್ಯಾಮೆರಾ. 2014ರಲ್ಲಿ ಬೆಂಗಳೂರಲ್ಲೇ ತೀರ್ಕೊಂಡ್ರು.

ಪಾಂಡುಪುರ_ಪಾರ್ಥ:
@ಹಳೇ_ರೀಲು ತಪ್ಪಾಯ್ತು ಗುರುಗಳೇ 🙏 ಎಸ್‌ಜೆಪಿ ವಿಷ್ಯ ಗೊತ್ತೇ ಇರ್ಲಿಲ್ಲ. ಹತ್ತು ವರ್ಷ ಅದ್ರ ಮುಂದೆನೇ ಬಸ್ ಹತ್ತಿದೀನಿ.

ನ್ಯೂಜೆರ್ಸಿ_ಎನ್ನಾರೈ:
ಇಲ್ಲೂ ಅದೇ ಕಥೆ. ಕನ್ನಡ ಸಿನಿಮಾ ವೀಕೆಂಡ್ ಒಂದೆರಡು ಶೋ ಇರತ್ತೆ, ಟೈಟಲ್ಸ್ ಶುರುವಾಗ್ತಿದ್ದಂಗೆ ಪೊರಕೆ ಹಿಡಿದು ಬಾಗ್ಲಲ್ಲಿ ನಿಂತಿರ್ತಾರೆ. ಆದ್ರೆ ಸ್ಕ್ರೀನ್ ಆಫ್ ಮಾಡಲ್ಲ, ಸೂಪರ್‌ಹೀರೋ ಸಿನಿಮಾದವ್ರು ಕೊನೇಲಿ ಒಂದು ಸೀನ್ ಬಚ್ಚಿಟ್ಟು ಜನರನ್ನ ಕೂರ್ಸೋದು ಅಭ್ಯಾಸ ಮಾಡ್ಸಿದಾರೆ. ನಮ್ಮೋರೂ ಕೊನೇಲಿ ಮೇಕಿಂಗ್ ವಿಡಿಯೋ ಹಾಕ್ಲಿ, ಒಬ್ರೂ ಏಳಲ್ಲ.

ಕುಂದಾಪ್ರ_ಕೋರಿ:
ಮೇಕಿಂಗ್ ವಿಡಿಯೋ ಅಂದ್ರೂ ಅದ್ರಲ್ಲೂ ಹೀರೋನೇ ಮಾರಾಯ್ರೆ. ಹೀರೋ ನಗ್ತಾನೆ, ಹೀರೋ ಕೇಕ್ ಕತ್ತರಿಸ್ತಾನೆ, ಹೀರೋ ಕ್ರೇನ್ ಮೇಲೆ ಕೂತು ಥಂಬ್ಸ್ ಅಪ್ ಮಾಡ್ತಾನೆ. ಆ ಕ್ರೇನ್ ತಳ್ಳಿದವ ಎಲ್ಲಿದ್ದಾನೆ ಅಂತ ಹುಡುಕ್ಬೇಕು.

ಬಳೆ_ಲೆಕ್ಕ:
ನಾನು ಕಾಸ್ಟ್ಯೂಮ್ ಅಸಿಸ್ಟೆಂಟ್ ಆಗಿದ್ದೆ, 4 ಸಿನಿಮಾ ಮಾಡಿ ಬಿಟ್ಟೆ. ಒಂದು ಕಥೆ ಹೇಳ್ತೀನಿ. ಹೀರೋಯಿನ್ ಮನೆಯಿಂದ ಹೊರಗೆ ಓಡಿ ಬರ್ತಾಳೆ. ಮನೆ ಒಳಗಿನ ಭಾಗ ಶೂಟ್ ಆಗಿದ್ದು ಬೆಂಗಳೂರಿನ ಸೆಟ್ಟಲ್ಲಿ ಮಾರ್ಚ್‌ನಲ್ಲಿ, ಹೊರಗಿನದ್ದು ಸಕಲೇಶಪುರದಲ್ಲಿ ಜೂನ್‌ನಲ್ಲಿ. ಸಿನಿಮಾದಲ್ಲಿ ಬಾಗಿಲು ದಾಟೋಕೆ ಒಂದು ಸೆಕೆಂಡ್, ನಮಗೆ 3 ತಿಂಗಳು. ಎಡಗೈಲಿ 7 ಬಳೆ, ಬಲಗೈಲಿ 6, ಒಂದು ಒಡೆದಿದೆ ಕಥೆ ಪ್ರಕಾರ. ಸೆರಗು ಎಡಗಡೆ ಸಿಕ್ಕಿಸಿದೆ. ಕುಂಕುಮ ಸ್ವಲ್ಪ ಬಲಕ್ಕೆ ಹರಡಿದೆ. ಇದಿಷ್ಟೂ ಫೋಟೋ ತೆಗೆದು, ಬುಕ್ಕಲ್ಲಿ ಬರೆದು ಇಟ್ಕೋಬೇಕು. ಒಂದೇ ಸೀರೆ 3 ತರ್ತೀವಿ, ಒಂದು ಹೊಸದು, ಒಂದು ಅರ್ಧ ಕೊಳೆ, ಇನ್ನೊಂದು ಪೂರ್ತಿ ಹರಿದಿದ್ದು. ಹೊಸ ಬಟ್ಟೆನ ಹಳೇದು ಮಾಡೋಕೆ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗ್ಸಿ, ಕಲ್ಲಿಗೆ ಉಜ್ಜಿ, ಒಂದಿನ ನನ್ನ ಕೈ ನೋಡಿ ಅಮ್ಮ "ಯಾರ ಮನೆ ಕೆಲ್ಸಕ್ಕೆ ಹೋಗ್ತಿದೀಯ" ಅಂತ ಅತ್ತೇಬಿಟ್ರು.

ಜೂನ್‌ನಲ್ಲಿ ನಾನು 7ರ ಬದ್ಲು 8 ಬಳೆ ಹಾಕ್ಸಿದೆ. ಸಿನಿಮಾದಲ್ಲಿ ಈಗ್ಲೂ ಇದೆ ಅದು. ಯಾರೂ ಕಂಡು ಹಿಡಿದಿಲ್ಲ. ನಾನು ಆ ಸೀನ್ ಬಂದಾಗೆಲ್ಲ ಕಣ್ಣು ಮುಚ್ಕೋತೀನಿ.

ಹುಬ್ಬಳ್ಳಿ_ಹುಡ್ಗ:
ಯಾವ ಸಿನಿಮಾ ಹೇಳ್ರಿ ಅಕ್ಕಾರ, ಬಳಿ ಎಣಸೂಣು 😄

ಬಳೆ_ಲೆಕ್ಕ:
@ಹುಬ್ಬಳ್ಳಿ_ಹುಡ್ಗ ಸತ್ರೂ ಹೇಳಲ್ಲ.

ದಾವಣಗೆರೆ_ಬೆಣ್ಣೆ:
ನಮ್ಮ ಮಾವ ಒಂದು ಸಿನಿಮಾದಲ್ಲಿ ಜಾತ್ರೆ ಸೀನಲ್ಲಿ ಜೂನಿಯರ್ ಆರ್ಟಿಸ್ಟ್. ಹಿಂದೆ ನಿಂತು ಸದ್ದು ಬರದಂಗೆ ಬರೀ ಬಾಯಿ ಆಡಿಸ್ತಾ ಮಾತಾಡ್ಬೇಕು ಅಂದಿದಾರೆ. ಮಾವ ಅಡಿಕೆ ರೇಟು ಬಗ್ಗೆ ನಿಜವಾಗ್ಲೂ ಜೋರಾಗಿ ಜಗಳ ಶುರು ಮಾಡಿದಾರೆ. 5 ಟೇಕ್ ಹೋಯ್ತಂತೆ. ಆರನೇದಕ್ಕೆ ಮಾವನ್ನ ಊಟಕ್ಕೆ ಕಳ್ಸಿದ್ರಂತೆ.

ಗಾಂಧಿನಗರ_ಗೂಬೆ:
ನಿಮ್ಮ ಮಾವ ಬುದ್ಧಿವಂತ್ರು. ಶೂಟಿಂಗ್ ಊಟ ಸುಮ್ನೆ ಅಲ್ಲ. ಪ್ರೊಡಕ್ಷನ್ ಹುಡುಗ್ರು ಕಾಡು ಮಧ್ಯ ಕೂಡ 11 ಗಂಟೆಗೆ ಮಜ್ಜಿಗೆ, 4 ಗಂಟೆಗೆ ಬಜ್ಜಿ ತಂದು ಕೈಗೆ ಕೊಡ್ತಾರೆ. ಅವ್ರದ್ದೇ ಒಂದು ದೊಡ್ಡ ಡಿಪಾರ್ಟ್‌ಮೆಂಟು.

ಬೂಮ್_ಹಿಡಿಯೋನು:
ಸೌಂಡಿಗೆ ವಾಪಸ್ ಬರ್ತೀನಿ. ಫೋಲಿ ಬಗ್ಗೆ ಎಷ್ಟು ಜನಕ್ಕೆ ಗೊತ್ತು? ಸಿನಿಮಾದಲ್ಲಿ ಕೇಳೋ ಹೆಜ್ಜೆ ಸದ್ದು, ಸೀರೆ ಸರಸರ, ಲೋಟ ಇಟ್ಟಿದ್ದು, ಇದೆಲ್ಲ ಬಹುಪಾಲು ಆಮೇಲೆ ಸ್ಟುಡಿಯೋದಲ್ಲಿ ಒಬ್ಬ ಸ್ಕ್ರೀನ್ ನೋಡ್ಕೊಂಡು ಮಾಡಿದ್ದು. ಹಾಲಿವುಡ್‌ನಲ್ಲಿ ಜ್ಯಾಕ್ ಫೋಲಿ ಅನ್ನೋರು ಶುರು ಮಾಡಿದ್ದಕ್ಕೆ ಆ ಹೆಸ್ರು. ನಾನು ನೋಡಿದ ರೂಮಲ್ಲಿ ಮರಳು, ಜಲ್ಲಿ, ಒಣಗಿದ ಎಲೆ, ಹಳೇ ಬಾಗಿಲು, 20 ಜೊತೆ ಚಪ್ಪಲಿ, ಗುಜರಿ ಅಂಗಡಿ ಥರ ಇತ್ತು. ಹುಲ್ಲಿನ ಮೇಲೆ ನಡೆಯೋ ಸದ್ದು ಬೇಕಂದ್ರೆ ಹಳೇ ಕ್ಯಾಸೆಟ್ ರೀಲ್ ಬಿಚ್ಚಿ ರಾಶಿ ಹಾಕಿ ಅದ್ರ ಮೇಲೆ ತುಳೀತಾರೆ. ಹಕ್ಕಿ ರೆಕ್ಕೆ ಬಡಿಯೋದಕ್ಕೆ ಒಂದು ಜೊತೆ ಲೆದರ್ ಗ್ಲೌಸ್. ಆರಡಿ ಆಳು ಹೀರೋಯಿನ್ ಗೆಜ್ಜೆ ಕಟ್ಕೊಂಡು, ಲುಂಗಿ ಎತ್ತಿ ಕಟ್ಟಿ, ನಾಚ್ಕೊಂಡು ನಡೀತಿದ್ದ. ಕಣ್ಣು ಮುಚ್ಚಿ ಕೇಳಿದ್ರೆ ಸಾಕ್ಷಾತ್ ಹೀರೋಯಿನ್ನೇ.

ಶಿವ್ಮೊಗ್ಗ_ಸಂಜು:
ಆದ್ರೆ ನಮ್ಮ ಕನ್ನಡ ಸಿನಿಮಾಗಳಲ್ಲಿ ಸೌಂಡ್ ಅಂದ್ರೆ ಯಾವಾಗ್ಲೂ ಕೊನೇ ಬೆಂಚು. ಪೂರ್ತಿ ಡಬ್ಬಿಂಗ್, ಕಾಡಲ್ಲಿ ಮಾತಾಡಿದ್ರೂ ಬಚ್ಚಲುಮನೇಲಿ ಮಾತಾಡಿದಂಗೆ. ತಿಥಿ ಸಿನಿಮಾ ನೋಡಿದಾಗ ಗೊತ್ತಾಗಿದ್ದು ಸಿಂಕ್ ಸೌಂಡ್ ಅಂದ್ರೆ ಏನು ಅಂತ. ಮಂಡ್ಯ ಕಡೆ ಊರಲ್ಲಿ ಊರ ಜನರನ್ನೇ ಹಾಕ್ಕೊಂಡು ಮಾಡಿದ್ದು, ಆ ಗಡ್ಡಪ್ಪನ್ನ ಕೂರ್ಸಿ ಆರು ತಿಂಗಳಾದ್ಮೇಲೆ ಡಬ್ ಮಾಡ್ಸಿದ್ರೆ ಆ ಸಿನಿಮಾ ಅಲ್ಲೇ ಸತ್ತೋಗ್ತಿತ್ತು.

ಹಳೇ_ರೀಲು:
@ಶಿವ್ಮೊಗ್ಗ_ಸಂಜು ಡಬ್ಬಿಂಗ್ ಕೀಳು ಅನ್ನೋದು ಈಗಿನ ಫ್ಯಾಷನ್. ಹಳೇ ಕ್ಯಾಮೆರಾಗಳು ಹೊಲಿಗೆ ಮಿಷನ್ ಥರ ಸದ್ದು ಮಾಡ್ತಿದ್ವು, ಲೊಕೇಶನಲ್ಲಿ ಸೌಂಡ್ ಹೆಂಗೆ ತಗೋಳೋದು? ಡಬ್ಬಿಂಗ್ ಆರ್ಟಿಸ್ಟುಗಳು ಇಲ್ದಿದ್ರೆ ಬೇರೆ ರಾಜ್ಯದಿಂದ ಬಂದ ಅರ್ಧಕ್ಕರ್ಧ ನಾಯಕಿಯರು ಕನ್ನಡದಲ್ಲಿ ಮೂಕಿಗಳಾಗಿರ್ತಿದ್ರು. ನಿಮಗೆ ಇಷ್ಟ ಆದ ಎಷ್ಟೋ ದನಿ ಆ ಮುಖದ್ದಲ್ಲ.

ಶಿವ್ಮೊಗ್ಗ_ಸಂಜು:
ಅದನ್ನೇ ಹೇಳ್ತಿರೋದು ಸರ್, ಆ ದನಿ ಯಾರ್ದು ಅಂತ ಯಾಕೆ ಹೇಳಲ್ಲ? ಹಾಡಿದವ್ರ ಹೆಸ್ರು ಪೋಸ್ಟರಲ್ಲೇ ಇರತ್ತೆ, ಎರಡೂವರೆ ಗಂಟೆ ಮಾತಾಡಿದವ್ರದ್ದು ಇರಲ್ಲ.

ಬೂಮ್_ಹಿಡಿಯೋನು:
ಇಲ್ಲಿ ಇನ್ನೊಂದು ತಮಾಷೆ ನೆನಪಾಗ್ತಿದೆ. 2022ರಲ್ಲಿ ನ್ಯಾಷನಲ್ ಅವಾರ್ಡ್ ಬಂದಾಗ ಲೊಕೇಶನ್ ಸೌಂಡ್ ರೆಕಾರ್ಡಿಂಗ್ ಪ್ರಶಸ್ತಿ ನಮ್ಮ ಡೊಳ್ಳು ಸಿನಿಮಾಗೆ ಬಂತು. ಆ ವಿಭಾಗ ಇರೋದೇ ಸಿಂಕ್ ಸೌಂಡ್ ಸಿನಿಮಾಗಳಿಗೆ. ಆಮೇಲೆ ಅದೇ ಸಿನಿಮಾದ ಸೌಂಡ್ ಡಿಸೈನರ್ರೇ ಇದು ಸಿಂಕ್ ಅಲ್ಲ, ಡಬ್ ಆಗಿರೋ ಸಿನಿಮಾ ಅಂತ ಟ್ವೀಟ್ ಮಾಡಿದ್ರು, ಆಸ್ಕರ್ ಗೆದ್ದ ರಸೂಲ್ ಪೂಕುಟ್ಟಿನೂ ಅದನ್ನೇ ಎತ್ತಿ ಹೇಳಿದ್ರು. ಡೊಳ್ಳು ಒಳ್ಳೆ ಸಿನಿಮಾ, ಅದಲ್ಲ ವಿಷ್ಯ. ದೇಶದ ಜ್ಯೂರಿ ಕಿವಿಗೇ ವ್ಯತ್ಯಾಸ ಗೊತ್ತಾಗ್ಲಿಲ್ಲ ಅಂದ್ರೆ ನಾವು ಬೂಮ್ (ಉದ್ದ ಕೋಲಿನ ಮೈಕು) ಎತ್ಕೊಂಡು ಕೈ ನಡುಗಿಸ್ಕೊಂಡು ನಿಲ್ಲೋದು ಯಾಕೆ ಅನ್ಸತ್ತೆ.

ಹಳೇ_ರೀಲು:
ಅಥವಾ ಡಬ್ಬಿಂಗ್, ಫೋಲಿ ಅಷ್ಟು ಚೆನ್ನಾಗಿ ಮಾಡಿದ್ರು ಅಂತ್ಲೂ ಅನ್ಕೋಬಹುದಲ್ಲ 🙂

ಬೂಮ್_ಹಿಡಿಯೋನು:
@ಹಳೇ_ರೀಲು ... ಈ ಪಾಯಿಂಟ್ ನನಗೆ ಹೊಳೆದಿರ್ಲಿಲ್ಲ. ಹಾಗಿದ್ರೆ ಪ್ರಶಸ್ತಿ ಅವ್ರಿಗೆ ಕೊಡ್ಲಿ.

ಕೋಲಾರ_ಧೂಳು:
ಕೆಜಿಎಫ್ ಬಗ್ಗೆ ಯಾರೂ ಮಾತಾಡ್ಲಿಲ್ಲ? ನಮ್ಮೂರ ಸೈನೈಡ್ ದಿಬ್ಬದ (ಚಿನ್ನದ ಗಣಿ ತ್ಯಾಜ್ಯದ ಗುಡ್ಡ) ಮೇಲೆ ಶೂಟ್ ಮಾಡಿದ್ದು. ಅಲ್ಲಿ ಗಾಳಿ ಎದ್ರೆ ಕಣ್ಣು ಬಿಡೋಕಾಗಲ್ಲ. ಎಲ್ರೂ ಯಶ್ ಗಡ್ಡ ನೋಡಿದ್ರು, ನಾನು ಕ್ಯಾಮೆರಾ ಮೇಲೆ ಎಷ್ಟು ಧೂಳು ಕೂತಿರತ್ತೆ ಅಂತ ಯೋಚ್ನೆ ಮಾಡ್ತಿದ್ದೆ. ಭುವನ್ ಗೌಡ ಕ್ಯಾಮೆರಾ, ಶಿವಕುಮಾರ್ ಆರ್ಟ್. ಚಾಪ್ಟರ್ 2 ಎಡಿಟ್ ಮಾಡಿದ ಉಜ್ವಲ್ ಕುಲಕರ್ಣಿ ಆಗಿನ್ನೂ 20ರ ಆಸುಪಾಸಿನ ಹುಡುಗ. ನಾನು ಆ ವಯಸ್ಸಲ್ಲಿ ಬ್ಯಾಕ್‌ಲಾಗ್ ಕ್ಲಿಯರ್ ಮಾಡ್ತಿದ್ದೆ.

ಹುಬ್ಬಳ್ಳಿ_ಹುಡ್ಗ:
ಅದು ಬಂದ ಮ್ಯಾಲೆ ಎಲ್ಲಾ ಸಿನಿಮಾಕ್ಕೂ ಮಸಿ ಬಳದ್ರಲ್ರಿ. ಮದುವಿ ಸೀನ್ ಇದ್ರೂ ಗಣಿಯೊಳಗ ಮಾಡ್ಯಾರೇನೋ ಅನಸ್ತೈತಿ. ಆ ಕಲರ್ ಮಾಡಾವ್ರಿಗೂ ಒಂದು ನಮಸ್ಕಾರ, ಆದ್ರ ಒಂದ್ ಸ್ವಲ್ಪ ಲೈಟ್ ಹಚ್ಚರೆಪ್ಪ.

ಫೋಕಸ್_ಔಟ್:
@ಹುಬ್ಬಳ್ಳಿ_ಹುಡ್ಗ ಅದು ಕಲರಿಸ್ಟ್ ತಪ್ಪಲ್ಲ, ನಿಮ್ಮ ಥಿಯೇಟರ್ ಪ್ರೊಜೆಕ್ಟರ್ ಲ್ಯಾಂಪ್ ಹಳೇದಾಗಿದ್ರೂ ಹಂಗೇ ಕಾಣತ್ತೆ. ಡಿಐ (ಬಣ್ಣ ತಿದ್ದೋ) ಸ್ಟುಡಿಯೋದಲ್ಲಿ ನೋಡಿದ್ದಕ್ಕೂ ಊರಲ್ಲಿ ನೋಡಿದ್ದಕ್ಕೂ ಅಜಗಜಾಂತರ.

ಮೈಸೂರ್_ಮಸಾಲೆ:
ಎಲ್ರೂ ತಮಾಷೆ ಮಾಡ್ತಿದೀರ, ಮಾಡಿ. ನಾನು ಬೇರೆ ವಿಷ್ಯ ಹೇಳ್ತೀನಿ. ನಮ್ಮ ಮೈಸೂರಿನ ಪ್ರೀಮಿಯರ್ ಸ್ಟುಡಿಯೋ, 1989ರ ಫೆಬ್ರವರಿ 8. ಟಿಪ್ಪು ಧಾರಾವಾಹಿ ಶೂಟಿಂಗ್ ನಡೀವಾಗ ಬೆಂಕಿ ಬಿದ್ದು 62 ಜನ ಸತ್ರು. ಸದ್ದು ಒಳಗೆ ಬರ್ಬಾರ್ದು ಅಂತ ಗೋಡೆಗೆಲ್ಲ ಗೋಣಿ ಹೊಡೆದಿದ್ರು, ಗಾಳಿ ಆಡೋಕೆ ಜಾಗ ಇಲ್ಲ, ದೊಡ್ಡ ದೊಡ್ಡ ಲೈಟು. ನಾನಾಗ ಹೈಸ್ಕೂಲು. ಮನೇಲಿ ದೊಡ್ಡೋರು ಪಿಸುಪಿಸು ಮಾತಾಡ್ತಿದ್ದದ್ದು ನೆನಪಿದೆ. ಅದ್ರ ಹೀರೋ, ಡೈರೆಕ್ಟರ್ ಸಂಜಯ್ ಖಾನ್ ಮೈ ಸುಟ್ಟು ಹೋಗಿ ತಿಂಗಳುಗಟ್ಟಲೆ ಆಸ್ಪತ್ರೇಲಿ ಇದ್ದಿದ್ದು ದೇಶಕ್ಕೆಲ್ಲ ಗೊತ್ತು. ಉಳಿದವ್ರಲ್ಲಿ ಒಬ್ರ ಹೆಸ್ರು ಹೇಳಿ ನೋಡೋಣ.

ಲೈಟ್‌ಮ್ಯಾನ್_ಮಗ:
ಅಪ್ಪ ಈಗ್ಲೂ ಯಾವ ಹಾಲ್ ಒಳಗೆ ಹೋದ್ರೂ ಮೊದ್ಲು ಇನ್ನೊಂದು ಬಾಗ್ಲು ಎಲ್ಲಿದೆ ಅಂತ ನೋಡ್ತಾರೆ. ಕಲ್ಯಾಣ ಮಂಟಪ ಆದ್ರೂ ಅಷ್ಟೇ.

ಕುಂದಾಪ್ರ_ಕೋರಿ:
ಸ್ಟಂಟ್‌ನವ್ರದ್ದೂ ಅದೇ ಅಲ್ವಾ. 2016 ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರಿಂದ ಹಾರಿದ ಇಬ್ರು ಮುಳುಗಿ ಹೋದ್ರು, ಹೀರೋ ಬದುಕಿ ಉಳಿದ್ರು. ಟಿವಿಲಿ ದಿನವಿಡೀ ತೋರಿಸಿದ್ರು. 2021ರಲ್ಲಿ ಬಿಡದಿ ಹತ್ರ ಕ್ರೇನ್ ಹೈಟೆನ್ಷನ್ ವೈರಿಗೆ ತಾಗಿ ಇನ್ನೊಬ್ಬ ಹುಡುಗ. ಲೈಫ್ ಜಾಕೆಟ್ ಇಲ್ಲ, ಕರೆಂಟ್ ಆಫ್ ಮಾಡ್ಸೋ ಬುದ್ಧಿ ಇಲ್ಲ. ಚಪ್ಪಾಳೆ ಗಿಪ್ಪಾಳೆ ಆಮೇಲೆ, ಮೊದ್ಲು ಜೀವ ಉಳಿಸಿ ಮಾರಾಯ್ರೆ.

ಬೆಂಗಳೂರ್_ಬಾಸು:
@ಕುಂದಾಪ್ರ_ಕೋರಿ ನಾನು ಬೆಳಗ್ಗೆಯಿಂದ ಬೇರೆ ಮಾತಲ್ಲಿ ಇದನ್ನೇ ಹೇಳ್ತಿದ್ದೆ.

ಕೋಲಾರ_ಧೂಳು:
ಸ್ಟಂಟ್‌ಗೆ ನ್ಯಾಷನಲ್ ಅವಾರ್ಡ್ ಶುರುವಾಗಿದ್ದೇ 2017ರಲ್ಲಿ. ಕೆಜಿಎಫ್ ಎರಡೂ ಭಾಗಕ್ಕೂ ಬಂತು ಅದು. ಆಸ್ಕರ್‌ನವ್ರು ಈಗ ಎಚ್ಚರ ಆಗಿದಾರೆ, 2027ರಲ್ಲಿ ಬರೋ ಸಿನಿಮಾಗಳಿಂದ ಸ್ಟಂಟ್‌ಗೆ ಪ್ರಶಸ್ತಿ ಕೊಡ್ತಾರಂತೆ. ನಾವೇ ಹತ್ತು ವರ್ಷ ಮುಂದೆ ಇದೀವಿ ನೋಡಿ.

ಫೋಕಸ್_ಔಟ್:
ಮಳೆ ವಿಷ್ಯ ಯಾರೂ ಹೇಳ್ಲೇ ಇಲ್ವಲ್ಲ. @ಮಲ್ನಾಡ್_ಹುಡ್ಗಿ ನಿಜವಾದ ಮಳೆ ಕ್ಯಾಮೆರಾಗೆ ಸರಿಯಾಗಿ ಕಾಣಲ್ಲ. ಹನಿ ಸಣ್ಣದು, ಮೋಡದ ಬೆಳಕಲ್ಲಿ ಕರಗಿ ಹೋಗತ್ತೆ. ಹಿಂದಿನಿಂದ ಲೈಟ್ ಬಿದ್ರೇನೇ ಹನಿ ಮಿಂಚೋದು. ಮೇಲಾಗಿ ಸೀನ್ ಮುಗಿಯೋಕೆ 4 ಗಂಟೆ ಬೇಕು, ಅಷ್ಟೊತ್ತೂ ಒಂದೇ ಥರ ಸುರಿಯೋಕೆ ವರುಣಂಗೆ ಕಾಲ್‌ಶೀಟ್ ಕೊಟ್ಟಿದೀವಾ? ಒಂದು ಶಾಟಲ್ಲಿ ಜೋರು, ಇನ್ನೊಂದ್ರಲ್ಲಿ ತುಂತುರು ಆದ್ರೆ ಎರಡೂ ಅಂಟ್ಸೋಕಾಗಲ್ಲ. ಅದಕ್ಕೇ ಟ್ಯಾಂಕರ್ರು.

ಮಲ್ನಾಡ್_ಹುಡ್ಗಿ:
@ಫೋಕಸ್_ಔಟ್ ಇದನ್ನ ಅಜ್ಜಿಗೆ ಫೋನ್ ಮಾಡಿ ಓದಿ ಹೇಳ್ದೆ. "ಹಂಗಾದ್ರೆ ನಮ್ ಮಳೆ ಸಿನಿಮಾಕ್ಕೆ ಆಗೂದಿಲ್ವಾ" ಅಂತ ಸ್ವಲ್ಪ ಬೇಜಾರ್ ಮಾಡ್ಕೊಂಡ್ರು.

ಶಿವ್ಮೊಗ್ಗ_ಸಂಜು:
ಅಜ್ಜಿಗೆ ಹೇಳಿ, ಆಗುಂಬೆ ದೊಡ್ಡಮನೆಲಿ ಮಾಲ್ಗುಡಿ ಡೇಸ್ ಆಗಿದ್ದಕ್ಕೆ ಜನ ಈಗ್ಲೂ ಬಂದು ನೋಡ್ಕೊಂಡು ಹೋಗ್ತಾರೆ. ಶಂಕರ್‌ನಾಗ್ ಹೆಸ್ರು ಎಲ್ರೂ ಹೇಳ್ತಾರೆ, ಆಗುಂಬೆನ ಮಾಲ್ಗುಡಿ ಮಾಡಿದ ಕಲಾ ನಿರ್ದೇಶಕ ಜಾನ್ ದೇವರಾಜ್ ಹೆಸ್ರು ಎಷ್ಟು ಜನಕ್ಕೆ ಗೊತ್ತು? ಅರಸಾಳು ರೈಲ್ವೆ ಸ್ಟೇಷನಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ, ಹೋಗ್ಬನ್ನಿ. ನಿಮ್ಮನೇಗೂ ಒಂದಿನ ಬೋರ್ಡ್ ಬೀಳ್ಬಹುದು.

ನ್ಯೂಜೆರ್ಸಿ_ಎನ್ನಾರೈ:
40 ಸೆಕೆಂಡಿಗೆ ಮ್ಯೂಸಿಯಂ 😂

ಬಳೆ_ಲೆಕ್ಕ:
ಅಂದಹಾಗೆ ಕೊನೇ ದಿನ ಕುಂಬಳಕಾಯಿ ಒಡೆದ್ರಾ ನಿಮ್ಮನೇಲಿ? ಶೂಟಿಂಗ್ ಪೂರ್ತಿ ಮುಗಿದ್ರೆ ಒಡೀತಾರೆ. ಒಡೆದಿಲ್ಲ ಅಂದ್ರೆ ಇನ್ನೂ ಬೇರೆ ಕಡೆ ಬಾಕಿ ಇತ್ತು ಅಂತ.

ಮಲ್ನಾಡ್_ಹುಡ್ಗಿ:
ಒಡೆದ್ರು, ಅಂಗಳದಲ್ಲೇ. ಲೈಟಿನೋರು, ಅಡುಗೆಯೋರು, ಡ್ರೈವರುಗಳು ಎಲ್ರೂ ಒಟ್ಟಿಗೆ ನಿಂತು ಫೋಟೋ ತೆಗೆಸ್ಕೊಂಡ್ರು. ಆ ಫೋಟೋ ನನ್ನ ಹತ್ರ ಇದೆ, ಹೀರೋ ಅದ್ರಲ್ಲಿ ಇಲ್ಲ, ಬೆಳಗ್ಗೆನೇ ಹೊರಟಿದ್ರು.

ಮತ್ತೆ ಒಂದು ಅಪ್‌ಡೇಟ್!! ಸಿನಿಮಾ ಓಟಿಟಿಗೆ ಬಂದಿದೆ, ನಿನ್ನೆ ರಾತ್ರಿ ನೋಡ್ದೆ. ಟೈಟಲ್ಸ್ ಬರ್ತಿದ್ದಂಗೆ ಸ್ಕ್ರೀನ್ ಚಿಕ್ಕದಾಗಿ ಮೂಲೆಗೆ ಹೋಗಿ "ಮುಂದೆ ಇದನ್ನ ನೋಡಿ" ಅಂತ ಇನ್ನೊಂದು ಸಿನಿಮಾ ಶುರುವಾಗೋಕೆ ಬಂತು. ಓಡಿ ಹೋಗಿ ರಿಮೋಟ್ ಒತ್ತಿ ನಿಲ್ಲಿಸ್ದೆ. ಫ್ರೇಮ್ ಫ್ರೇಮ್ ಹಿಂದೆ ಮುಂದೆ ಮಾಡಿ ಹುಡುಕ್ದೆ. ಕೃತಜ್ಞತೆಗಳು ಅನ್ನೋ ಕಡೆ, ಪಂಚಾಯ್ತಿ ಆಫೀಸು ಮತ್ತೆ ಪೆಟ್ರೋಲ್ ಬಂಕ್ ಮಧ್ಯ ಅಜ್ಜಿ ಹೆಸ್ರಿದೆ. ಒತ್ತಕ್ಷರ ತಪ್ಪಾಗಿದೆ.

ಲೈಟ್‌ಮ್ಯಾನ್_ಮಗ:
ಸ್ವಾಗತ ಅಜ್ಜಿ 🙏 ಇಂಡಸ್ಟ್ರಿಗೆ ಸೇರ್ಕೊಂಡ್ರು.

ದಾವಣಗೆರೆ_ಬೆಣ್ಣೆ:
ಆ ಟೇಪ್ ಗಮ್ ರೆಡ್ ಆಕ್ಸೈಡ್ ನೆಲದಿಂದ ಹೋಗ್ಬೇಕಂದ್ರೆ ಸ್ವಲ್ಪ ಸೀಮೆಎಣ್ಣೆ ಹಾಕಿ ಉಜ್ಜಿ.

ಪಾಂಡುಪುರ_ಪಾರ್ಥ:
ಸೀಮೆಎಣ್ಣೆ ಬೇಡ!! ಪಾಲಿಶ್ ಹೋಗತ್ತೆ. ಕೊಬ್ಬರಿ ಎಣ್ಣೆ ಹಚ್ಚಿ ರಾತ್ರಿ ಬಿಡಿ, ಬೆಳಗ್ಗೆ ಉಗುರಲ್ಲೇ ಎದ್ದು ಬರತ್ತೆ.

ಮಲ್ನಾಡ್_ಹುಡ್ಗಿ:
ಅಜ್ಜಿ ತೆಗಿಬೇಡ ಅಂತಿದಾರೆ. ಇನ್ನೊಂದು ಭಾಗ ಮಾಡಿದ್ರೆ ಮತ್ತೆ ಅಳತೆ ತಗೊಳ್ಳೋ ತಾಪತ್ರಯ ಯಾಕೆ ಅಂತೆ. ಈಗ ಮಜ್ಜಿಗೆ ಕಡೆಯೋ ಮಣೆ ಹಸಿರು ಟೇಪ್ ಮೇಲೇ ಇಟ್ಕೊಂಡು ಕೂರ್ತಾರೆ.

ಗಾಂಧಿನಗರ_ಗೂಬೆ:
ಇನ್ನೊಂದು ಭಾಗಕ್ಕೆ ಬಂದ್ರೆ ಹಳೇ ಬ್ಯಾಲೆನ್ಸ್ ಇಸ್ಕೊಂಡ ಮೇಲೇ ಗೇಟ್ ತೆಗೀರಿ.